ಹೊಳೆವ್ವನ ಮನೆಯ ಮಾತು

"ಐದನೇತ್ತೆ ದಾಟದ ಮಂಗ್ಯಾ ನನಗ ಗಂಟಿ ಲೆಕ್ಕ ಕಲಸಾಕ ಬಂದಾನ ನೋಡ್ರೆಪ್ಪಾ!" ಎಂದ ಮಲ್ಲೇಶಪ್ಪ ಮಾಸ್ತರ. ಹುಣಸೆಕಟ್ಟೆಯ ಮೇಲೆ ಪದ್ಮಾಸನ ಹಾಕಿ ಕುಳಿತು, ಕೆಳಗೆ ಮನೆ ಕೇಳಲು ಸಾಲಾಗಿ ನಿಂತಿದ್ದ ಅಷ್ಟೂ ಮಂದಿಯ ಮುಂದೆ ಎಂದ. "ಲೇ ತಿರಕ್ಯಾ, ನಿನ್ನ ಕಾಲಾಗಿರೋ ಬುದ್ಧಿ ತಲ್ಯಾಗ ಇದ್ದಿದ್ರ ಹಿಂಗ ನಾಯಿ ಗತೆ ಕಟ್ಟೆಯಿಂದ ಕಟ್ಟೆಗೆ ಓಡಿಕೋತ ಇರ್ತಿದ್ದೇನು? ಸುದ್ದಿ ತಂದೀ, ಒಪ್ಪಿಸು, ನಾಲಗಿ ಹೊರಗ ಹಾಕಿ ಅಲ್ಲೆಲ್ಯಾರ ನೆರಳಾಗ ಕುಂಡ್ರು." ಸಾಲು ಗೊಳ್ಳೆಂದು ನಕ್ಕಿತು. ಮನೆ ಹೇಳಿಸಿಕೊಳ್ಳಲು ನಿಂತವರು ಕಟ್ಟೆಯವನ ಜೋಕಿಗೆ ನಗಲೇಬೇಕು. ನಗದಿದ್ದರೆ ನಿಮ್ಮ ಸರದಿ ಬಂದಾಗ ಅವನಿಗೆ ಕೆಮ್ಮು ಬರುತ್ತದೆ.

ನಾನು ತಂದ ಸುದ್ದಿ ಒಂದೇ: ಹೊಳೆವ್ವನ ಮನೆ ಇನ್ನು ಮುಂದೆ ಅವಳ ತಮ್ಮ ತಿರಕನ ಮನೆ. ಬೇವಿನಕಟ್ಟೆಯ ಬಾಳವ್ವನ ಮುಂದೆ ನಾನೇ ಹೇಳಿ, ಗಂಟೆ ಹಾಕಿಸಿಕೊಂಡು, ನಾನೇ ಓಡಿ ತಂದಿದ್ದೆ. ಮಾಸ್ತರ ಅದನ್ನು ಕೇಳಿ ಮೂಗಿನ ತುದಿಯಲ್ಲಿ ನಕ್ಕು, ಹೊಳೆವ್ವನ ಗಂಡ ಅಡಿವೆಪ್ಪ ಇದಕ್ಕಿಂತ ತಡವಾದ ಗಂಟೆಯಲ್ಲಿ ತನ್ನ ಮಾತು ಹೇಳಿ ಹೋಗಿದ್ದಾನೆ, ತಡದ ಮಾತೇ ನಿಲ್ಲುವ ಮಾತು ಎಂದ. ಅಡಿವೆಪ್ಪ ಕಟ್ಟೆ ಇಳಿದು ಹೋದದ್ದನ್ನು ಕಣ್ಣಾರೆ ಕಂಡ ಮೇಲೇ ನಾನು ಬೇವಿನಕಟ್ಟೆಗೆ ಓಡಿದ್ದು. ಹಾಗಿದ್ದ ಮೇಲೆ ಅವನ ಮಾತು ನನ್ನ ಮಾತಿಗಿಂತ ತಡವಾಗುವುದು ಹೇಗೆ ಎಂದು ಕೇಳಿದೆ. ಕೇಳಿದ್ದಕ್ಕೆ ಮಂಗ್ಯಾ.

ನನ್ನದು ಸುಮ್ಮನಿರುವ ಬಾಯಲ್ಲ. "ಹೌದ್ರೀ ಮಾಸ್ತರ, ನೀವು ಹೇಳಿದ್ದ ಖರೆ!" ಎಂದು ಕೈ ಮುಗಿದು ಕೂಗಿದೆ. "ಹೊಳೆವ್ವನ ಮನಿ ಅಡಿವೆಪ್ಪನ ಖಾನಾವಳೀನ! ಅಲ್ಲೇ ಹಾಕ್ರಿ, ಅಲ್ಲೇ ಒಣಗಸ್ರಿ!"

ಮಾಸ್ತರ ಹಗ್ಗ ಜಗ್ಗಿ ಗಂಟೆ ಬಾರಿಸಿದ. "ಎಲ್ಲಾರೂ ಕೇಳಿದ್ರಿಲ್ಲೋ? ತಮ್ಮನ ಬಾಯಿಂದನ ಬಂತು. ಇನ್ನ ತಕರಾರಿಲ್ಲ."

ಕಟ್ಟೆಯ ಮುಂದೆ ಬಾಯಿಂದ ಬಿದ್ದದ್ದೆಲ್ಲ ಮಾತೇ. ಸಿಟ್ಟಿಗೆ ಆಡಿದ್ದು, ನಗೆಗೆ ಆಡಿದ್ದು, ಕುಡಿದು ಆಡಿದ್ದು ಎಂಬ ಭೇದ ಗಂಟೆಗೆ ಇಲ್ಲ. ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದ ಅಕ್ಕ ಹೊಳೆವ್ವ ನನ್ನ ಕಡೆ ನೋಡಿದಳು. "ಒಂದೀಟು ಬಾಯಿ ಕಟ್ಟಿಕೊಳ್ಳಾಕ ಬರಂಗಿಲ್ಲೇನಲೇ ನಿನಗ?" ಎಂದಳು. ಹೇಳಿ ಮುಗಿಯುವ ಮೊದಲೇ ಅವಳ ಕಾಲು ತಿರುಗಿದವು. ಎದೆ ನನ್ನ ಕಡೆ, ಪಾದ ಖಾನಾವಳಿ ಕಡೆ. ಹಾಗೇ ಓರೆಯಾಗಿ ನಡೆಯುತ್ತ ಹೋದಳು.

ನಮ್ಮೂರಿನಲ್ಲಿ ಯಾರ ಕಾಲಿಗೂ ಮನೆಯ ದಾರಿ ತಿಳಿಯದು. ಹೊಲಕ್ಕೆ ಹೋಗುತ್ತೇವೆ, ಸಂತೆಗೆ ಹೋಗುತ್ತೇವೆ, ಹಳ್ಳಕ್ಕೆ ಹೋಗಿ ಈಜುತ್ತೇವೆ. ಹಗಲೆಲ್ಲ ಕಾಲು ನಮ್ಮವೇ. ಆದರೆ ಸಂಜೆ ದೀಪದ ಗಂಟೆ ಬಡಿಯಿತೋ, ಅವು ನಮ್ಮನ್ನು ಹತ್ತಿರದ ಕಟ್ಟೆಗೆ ಎಳೆದು ತರುತ್ತವೆ. ನನ್ನ ಮನೆ ಎಲ್ಲಿ ಎಂದು ಕೇಳಬೇಕು. ಕಟ್ಟೆಯವರು ಹೇಳಬೇಕು. ಹೇಳಿದ ಮನೆಗೆ ಕಾಲು ಒಯ್ಯುತ್ತವೆ, ಬಾಗಿಲು ತೆರೆಯುತ್ತದೆ, ಉಂಡು ಮಲಗಬೇಕು. ಬೇರೆಯವರ ಮನೆಗೆ ಹೋಗಬೇಕಾದರೂ ಅಷ್ಟೇ, ಹಗಲಾದರೂ ಕೇಳಿಯೇ ಹೋಗಬೇಕು. ಹೊರಗಿನಿಂದ ಬಂದ ಬಳೆಗಾರರು ಇದನ್ನು ಕಂಡು ಬಾಯಿ ಬಿಡುತ್ತಾರೆ. ನಮಗೆ ಅವರನ್ನು ಕಂಡರೆ ಸೋಜಿಗ. ಯಾರನ್ನೂ ಕೇಳದೆ ಮನೆಗೆ ಹೋಗುವ ಮನುಷ್ಯನನ್ನು ನಂಬುವುದಾದರೂ ಹೇಗೆ?

ಹಿಂದೆ ಊರಿಗೆಲ್ಲ ಒಂದೇ ಕಟ್ಟೆ ಇತ್ತಂತೆ, ಹೇಳುವವಳು ಒಬ್ಬಳೇ, ಬೇವಿನಕಟ್ಟೆಯ ಬಾಳವ್ವನ ಅತ್ತೆ. ಒಂದು ಮಾಗಿಯಲ್ಲಿ ನೆಗಡಿಯಾಗಿ ಆಕೆಯ ಗಂಟಲು ಕೂತುಬಿಟ್ಟಿತು. ಇಡೀ ಊರು ಬೆಳಗಿನ ತನಕ ಕಟ್ಟೆ ಸುತ್ತಿತು. ಗೌಡ, ತಳವಾರ, ಬಸುರಿ, ಬಾಣಂತಿ, ಎಲ್ಲರೂ ಒಬ್ಬರ ಹಿಂದೊಬ್ಬರು. ಆ ಸುತ್ತಿನಲ್ಲಿ ಎರಡು ಲಗ್ನ ಕುದುರಿದವಂತೆ, ಅದೊಂದೇ ಲಾಭ. ಮರುದಿನವೇ ಊರವರು ಕೂಡಿ ನಾಲ್ಕು ಕಟ್ಟೆ ಕಟ್ಟಿದರು: ಹುಣಸೆ, ಬೇವು, ಆಲ, ಬನ್ನಿ. ಒಂದರ ಗಂಟಲು ಹೋದರೆ ಇನ್ನೊಂದು ಇರಲಿ ಎಂದು. ಮನೆ ಬದಲಿಸಿದ್ದು, ಮಗು ಹುಟ್ಟಿದ್ದು, ಮದುವೆ, ಸಾವು, ಯಾವ ಕಟ್ಟೆಗೆ ಬೇಕಾದರೂ ಹೇಳಬಹುದು. ಹೇಳಿದ ಮಾತಿಗೆ ಆ ಕಟ್ಟೆಯ ಗಂಟೆ ಹಾಕುತ್ತಾರೆ, ಯಾವ ಹೊತ್ತಿಗೆ ಹೇಳಿದ್ದು ಎಂದು ತಿಳಿಯಲಿಕ್ಕೆ. ನಮ್ಮಂಥ ಓಟದವರು ಅದನ್ನು ಬಾಯಲ್ಲಿ ಹೊತ್ತು ಉಳಿದ ಮೂರಕ್ಕೆ ಮುಟ್ಟಿಸುತ್ತೇವೆ. ಎಲ್ಲ ಕಟ್ಟೆಯ ಬಾಯಲ್ಲೂ ಒಂದೇ ಮಾತು ಇರಬೇಕು. ಎರಡು ಮಾತು ಜಗಳ ಬಿದ್ದರೆ ತಡವಾದ ಗಂಟೆಯ ಮಾತು ನಿಲ್ಲಬೇಕು. ಕೇಳಲಿಕ್ಕೆ ಎಷ್ಟು ಚಂದ! ಒಂದು ಕಟ್ಟೆ ಇದ್ದಾಗ ಊರಿಗೆ ಒಂದು ರೋಗ ಇತ್ತು. ನಾಲ್ಕು ಕಟ್ಟಿದ ಮೇಲೆ ಆ ನಾಲ್ಕರ ನಡುವೆ ಎಷ್ಟು ದಾರಿಗಳಿವೆಯೋ ಅಷ್ಟು ರೋಗ ಬಂದವು.

ಫಕೀರವ್ವ ಒಮ್ಮೆ ಗಾಣದ ಓಣಿ ಬಿಟ್ಟು ಅಗಸರ ಓಣಿಗೆ ಹೋದಳು. ಹುಣಸೆಯಿಂದ ಸುದ್ದಿ ಬೇವಿಗೆ ಹೋಯಿತು, ಬೇವಿನಿಂದ ಆಲಕ್ಕೆ, ಆಲದಿಂದ ಬನ್ನಿಗೆ, ಬನ್ನಿಯಿಂದ ತಿರುಗಿ ಹುಣಸೆಗೇ ಬಂತು. ಮಾಸ್ತರ ಅದನ್ನು ಹೊಸ ಸುದ್ದಿ ಎಂದು ತಿಳಿದು ಮತ್ತೆ ಬೇವಿಗೆ ಓಡಿಸಿದ. ನಮ್ಮ ಚಪ್ಪಲಿ ಸವೆದವು, ಒಬ್ಬನ ಹರ್ನಿಯಾ ಇಳಿಯಿತು, ಸುದ್ದಿ ಮಾತ್ರ ಗಾಣದ ಎತ್ತಿನಂತೆ ಸುತ್ತುತ್ತಲೇ ಇತ್ತು. ಕಡೆಗೆ ಫಕೀರವ್ವನೇ ಬಂದು, "ನಾ ಒಂದ ಸಲ ಮನಿ ಬದಲ್ ಮಾಡೇನ್ರಪಾ, ನೀವು ದಿನಾ ನನ್ನ ಗಂಟುಮೂಟಿ ಹೊರಸಾಕತ್ತೀರಿ," ಎಂದು ಬೈದಳು. ಆ ಮೇಲೆ ಮಾತು ಹುಟ್ಟಿದ ಕಟ್ಟೆಯ ಹೆಸರನ್ನು ಮಾತಿಗೇ ಕಟ್ಟಿ ಕಳಿಸುವ ಪದ್ಧತಿ ಬಂತು. ತಾಯಿಯ ಮನೆಗೆ ತಿರುಗಿ ಬಂದ ಮಾತನ್ನು ಅಲ್ಲಿಗೇ ಬಿಟ್ಟುಬಿಡಬೇಕು.

ಇನ್ನೊಮ್ಮೆ ಆಲದಕಟ್ಟೆಯವನು ಮಗಳ ಬಾಣಂತನಕ್ಕೆಂದು ಹೋಗಿ ತಿಂಗಳಾನುಗಟ್ಟಲೆ ಅಲ್ಲೇ ತುಪ್ಪ ತಿನ್ನುತ್ತ ಕುಳಿತ. ಅಷ್ಟರಲ್ಲಿ ಇಲ್ಲಿ ಕುಂಬಾರ ಯಮನಪ್ಪ ಸತ್ತ. ಸತ್ತ ಸುದ್ದಿ ಉಳಿದವರಿಗೆ ಮುಟ್ಟಿತು, ಮುಟ್ಟಿದ ಮೇಲೆ ಅವರು ಯಮನಪ್ಪನನ್ನೂ ಮರೆತರು, ಅವನು ಸತ್ತದ್ದನ್ನೂ ಮರೆತರು. ಸತ್ತವರನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡರೆ ಬದುಕಿದವರಿಗೆ ಜಾಗ ಎಲ್ಲಿ? ಆಲದವನು ಬಂದವನೇ, "ಕುಂಬಾರ ಯಮನಪ್ಪನ ಮನಿ ಕುಂಬಾರ ಓಣಿ" ಎಂದ. ಉಳಿದವರಿಗೆ ಅದು ತಾವು ಕೇಳದ ಹೆಸರು. ಯಾರೋ ಹೊಸಬ ಊರಿಗೆ ಬಂದಿರಬೇಕೆಂದು ಒಪ್ಪಿಕೊಂಡರು. ಲಗ್ನಪತ್ರಿಕೆ ಹಂಚುವವರ ಕಾಲು ಅವರನ್ನು ಸೀದಾ ಯಮನಪ್ಪನ ಬಾಗಿಲಿಗೆ ಒಯ್ದವು. ಅವನ ಹೆಂಡತಿ ಅಕ್ಷತೆ ಈಸಿಕೊಂಡು, "ಅವರು ಹೊರಗ ಹೋಗ್ಯಾರ್ರೀ, ಬರೂದು ತಡಾ ಆಕ್ಕೈತಿ," ಎಂದಳಂತೆ.

ಇಂಥವಕ್ಕೆಲ್ಲ ನಾವು ನಗುತ್ತಿದ್ದೆವು. ಹೊಳೆವ್ವನ ವಿಷಯದಲ್ಲಿ ನಗು ಬರಲಿಲ್ಲ.

ಅಡಿವೆಪ್ಪನ ಖಾನಾವಳಿ ಹುಣಸೆಕಟ್ಟೆಗೆ ಅಂಟಿಕೊಂಡೇ ಇದೆ. ಅಕ್ಕನನ್ನು ಅವನಿಗೆ ಕೊಟ್ಟಾಗ ನಮ್ಮವ್ವ ಬದುಕಿದ್ದಳು. ಹುಡುಗಿಯ ರೊಟ್ಟಿ ಬಡಿಯುವ ಕೈ ನೋಡಿಯೇ ಅವನು ಒಪ್ಪಿದ್ದು, ಮುಖವನ್ನು ಲಗ್ನದ ದಿನವೂ ಸರಿಯಾಗಿ ನೋಡಿದನೋ ಇಲ್ಲವೋ. ನಸುಕಿನಿಂದ ಒಲೆ ಮುಂದೆ ಕೂರಿಸುತ್ತಿದ್ದ. ರೊಟ್ಟಿ ಮುಗಿಯುವ ತನಕ ಹೊರಗಿನಿಂದ ಚಿಲಕ. ಒಂದು ದಿನ ರೊಟ್ಟಿ ಸೀದವು ಎಂದು ಅವಳ ಕೈ ಹಿಡಿದು ಕಾದ ಹಂಚಿನ ಮೇಲೆ ಒತ್ತಿದ. ಅವಳು ಚೀರಲಿಲ್ಲವಂತೆ. ಹಂಚನ್ನು ಎತ್ತಿ ಹೊರಗಿನ ಗಟಾರಕ್ಕೆ ಎಸೆದು, ಕೈಗೆ ಒದ್ದೆ ಅರಿವೆ ಸುತ್ತಿಕೊಂಡು, ಹಾಡುಹಗಲಲ್ಲೇ ಬೇವಿನಕಟ್ಟೆಗೆ ಬಂದು ಬಾಳವ್ವನನ್ನು ಕೇಳಿ ನಮ್ಮ ಮನೆಗೆ ಬಂದಳು. ಬಂದವಳೇ, "ಉಣ್ಣಾಕೇನೈತಿ?" ಎಂದಳು. ನಾನು ಮಾಡಿದ ಗಂಜಿ ಬಡಿಸಿದೆ. "ಥೂ, ನಿನ್ನ ಕೈಯಿನೂ ಹಂಚಿನ ಮ್ಯಾಲಿಡಬೇಕು," ಎಂದಳು. ಅಂಥವಳು ನಮ್ಮಕ್ಕ.

ಅಂದು ನಾನು ಬೇವಿನಕಟ್ಟೆಯಲ್ಲಿ ಹೇಳಿದ ಮಾತು ಹುಣಸೆಗೆ ಮುಟ್ಟುವ ಮೊದಲೇ ದೀಪದ ಗಂಟೆಯಾಗಿತ್ತು. ಬಾಳವ್ವ ಹೇಳಿದಂತೆ ಅಕ್ಕನ ಕಾಲು ನಮ್ಮ ಮನೆಗೆ ಬಂದವು. ಒಂದು ರಾತ್ರಿ ನಿದ್ದೆ ಮಾಡಿದಳು. ಮರುದಿನ ಹುಣಸೆಯಿಂದ ಅಡಿವೆಪ್ಪನ ಮಾತು ಬಂತು, ನಮ್ಮದಕ್ಕಿಂತ ತಡವಾದ ಗಂಟೆ ಹೊತ್ತುಕೊಂಡು. ಆ ಸಂಜೆ ಕಾಲು ಅವಳನ್ನು ಖಾನಾವಳಿಗೆ ಒಯ್ದವು. ಮರುದಿನ ನಾನು ಮತ್ತೆ ಹೇಳಿದೆ, ಅವನೂ ಹೇಳಿದ. ಪ್ರತಿ ಸಲ ಅವನದೇ ತಡ. ನಾನು ಎಷ್ಟು ಹೊತ್ತು ಕಾದು ಹೇಳಿದರೂ ಅವನದೇ ತಡ. ನಸುಕಿಗೆ ಅವನು ಚಿಲಕ ಹಾಕುವ ಮೊದಲೇ ಹೊರಬಿದ್ದು, ಹಗಲು ಅವಳು ನಮ್ಮ ಹೊಲದಲ್ಲಿ ಕಳೆ ಕೀಳುತ್ತ ನನ್ನನ್ನು ಬೈಯುತ್ತಿದ್ದಳು, ಸಂಜೆ ಅವಳ ಪಾದ ಅವಳನ್ನೇ ಹಿಡಿದುಕೊಟ್ಟು ಬರುತ್ತಿದ್ದವು. ಕಟ್ಟೆಯ ಮುಂದೆ ನಾನು ಮಂಗ್ಯಾ ಅನಿಸಿಕೊಂಡು ಬಾಯಿ ಬಿಟ್ಟದ್ದು ಇದೇ ದಿನಗಳಲ್ಲಿ.

ಬಾಯಿ ಬಿಟ್ಟ ಮರುದಿನ ಅಕ್ಕ ಹೊಲಕ್ಕೆ ಬಂದಾಗ ನಾನು ತಲೆ ಎತ್ತಲಿಲ್ಲ. ಅವಳೇ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. "ಅವನ ಗಂಟಿ ಯಾವಾಗ್ಲೂ ಮುಂದ ಯಾಕಿರ್ತೈತಿ ಅಂತ ತಲಿ ಕೆಡಿಸ್ಕೊಂಡೀಯೇನು?" ಎಂದಳು. "ನಾ ಮೊದಲನೇ ರೊಟ್ಟಿ ಹಂಚಿನಿಂದ ತಗದ ಕೂಡ್ಲೇ ಮಾಸ್ತರಗ ವಾಸನಿ ಬಡೀತೈತಿ. ವಾಸನಿ ಬಡಿದ್ರ ಮಧ್ಯಾಹ್ನದ ಗಂಟಿ ಬಾರಸ್ತಾನ. ಮಧ್ಯಾಹ್ನದ ಗಂಟಿ ಆಗೂತನಕ ಕಟ್ಟೆಯವ ಉಣ್ಣಾಕ ಏಳೂವಂಗಿಲ್ಲಲ್ಲ? ಈಗ ನಾ ಇಲ್ಲದಿದ್ರೂ ಹೊಟ್ಟಿಗೆ ರೂಢಿ ಆಗೇತಿ. ಅವನ ದಿನಾನ ಎಲ್ಲಾರಕಿಂತ ಮುಂದ ಓಡ್ತೈತಿ."

ನಾನು ಕಳೆ ತೆಗೆಯುವ ಕುರ್ಪಿ ಕೆಳಗಿಟ್ಟೆ. ಒಂದು ಮಾತು ಹೇಳಬೇಕು: ಊರಿಗೆಲ್ಲ ನಾನೇ ಗಟ್ಟಿ ಓಟಗಾರ ಎಂದು ನಾಲ್ಕೂ ಕಟ್ಟೆಯವರು ಕೂಡಿ ನನಗೆ ಕೆಂಪು ರುಮಾಲು ಸುತ್ತಿದ್ದರು. ಕಾರಣ, ನಾನು ಹುಣಸೆಕಟ್ಟೆಯಲ್ಲಿ ಮಧ್ಯಾಹ್ನದ ಗಂಟೆ ಕೇಳಿ ಹೊರಟವನು ಬೇವಿನಕಟ್ಟೆಗೆ ಬಂದು, ನೀರು ಕುಡಿದು, ಬಾಳವ್ವನ ಕೈಯಿಂದ ಎಲೆ ಈಸಿಕೊಂಡು ತಿಂದ ಮೇಲೆ ಅಲ್ಲಿ ಮಧ್ಯಾಹ್ನದ ಗಂಟೆ ಬಡಿಯುತ್ತಿತ್ತು. ಹೊರಟ ಹೊತ್ತಿಗಿಂತ ಮೊದಲೇ ಬಂದು ಮುಟ್ಟುವ ಹುಡುಗ ಎಂದು ಮಂದಿ ಬೆರಗಾಗುತ್ತಿದ್ದರು. ನಾನೂ ನಂಬಿದ್ದೆ. ಕನ್ನಡಿಯಲ್ಲಿ ಮೀನಖಂಡ ನೋಡಿಕೊಳ್ಳುತ್ತಿದ್ದೆ.

"ಹಂಗಾರ ನಾನು..." ಎಂದೆ.

"ನೀನೂ ಎಲ್ಲಾರಂಗ ಓಡ್ತೀ," ಎಂದಳು ಅಕ್ಕ. "ಏಳು, ಅಳಬ್ಯಾಡ."

ಅಳಲಿಲ್ಲ. ರುಮಾಲು ಬಿಚ್ಚಿ ಅವಳ ಸುಟ್ಟ ಕೈಗೆ ಸುತ್ತಿ, ಬನ್ನಿಕಟ್ಟೆಗೆ ಹೋಗಿ ನಾಲ್ಕೂ ಕಟ್ಟೆಯವರನ್ನು ಕೂಡಿಸಿ ಎಂದು ಗಂಟಲು ಹರಿಯುವಂತೆ ಕೂಗಾಡಿದೆ. ಕೂಡಿದರು. ಹೇಳಿದೆ. ಮಾಸ್ತರನಿಗೆ ನಾಚಿಕೆ ಅನ್ನುವುದು ಹತ್ತಿರ ಸುಳಿಯಲಿಲ್ಲ. "ಹೌದು, ನಾ ಹಸಿವಿನ ಮ್ಯಾಲ ಗಂಟಿ ಬಾರಸ್ತೀನಿ," ಎಂದ. "ಬಾಳವ್ವ ಬೇವಿನ ನೆರಳು ನೋಡಿ ಬಾರಸ್ತಾಳ. ಮೋಡ ಬಂದ್ರ ನೆರಳು ಇರಂಗಿಲ್ಲ. ಹಸಿವಿಗೆ ಮೋಡ ಇರತೈತೇನು? ಯಾವುದು ಖರೆ ಗಂಟಿ, ನೀವ ಹೇಳ್ರಿ." ಹುಣಸೆ ಸೀಮೆಯ ಮಂದಿ ಚಪ್ಪಾಳೆ ಹೊಡೆದರು. ಅವರೆಲ್ಲ ಊರಿಗಿಂತ ಮೊದಲು ಉಂಡು ಮಲಗಿ ರೂಢಿಯಾದವರು.

ಅಡಿವೆಪ್ಪ ಎದ್ದ. ದಪ್ಪ ಮನುಷ್ಯ, ಮಾತಾಡುವಾಗ ಕೈ ಒರೆಸಿಕೊಳ್ಳುತ್ತಲೇ ಇರುತ್ತಾನೆ. "ಇಷ್ಟೆಲ್ಲಾ ಯಾಕ ಬೇಕ್ರೀ? ನಾಕು ಕಟ್ಟಿ ಇದ್ರ ನಾಕು ಬಾಯಿ. ಹುಣಸೆಕಟ್ಟಿ ಒಂದ ಇರಲಿ, ಉಳದವ್ರು ಅಲ್ಲಿಂದ ಕೇಳಿ ಹೇಳ್ರಿ," ಎಂದ.

ಬಾಳವ್ವ ಎಲೆಯಡಿಕೆ ಉಗಿದಳು. "ಅಡಿವ್ಯಾ, ನಮ್ಮತ್ತಿಗೆ ನೆಗಡಿ ಆಗಿದ್ದಾಗ ನಿಮ್ಮಪ್ಪ ಕಟ್ಟಿ ಸುತ್ತಿಕೋತ ನನ್ನ ಸೀರಿ ಸೆರಗು ಹಿಡಕೊಂಡು ಎಷ್ಟು ಅತ್ತ ಗೊತ್ತೇನು? ನಿಮ್ಮವ್ವನ್ನ ಕೇಳು." ಎಲ್ಲರೂ ನಕ್ಕರು. ಆಮೇಲೆ ಆಕೆ ತನ್ನ ಉಪಾಯ ಹೇಳಿದಳು: ಯಾರ ಗಂಟೆ ಖರೆ ಎಂದು ಜಗಳ ಬೇಡ. ಬೇರೆ ಕಟ್ಟೆಯಿಂದ ಬಂದ ಮಾತಿನ ಗಂಟೆ ನಿನ್ನ ಗಂಟೆಗಿಂತ ಮುಂದಿದ್ದರೆ, ನಿನ್ನ ಗಂಟೆಯನ್ನೂ ಅದನ್ನು ದಾಟಿ ಮುಂದೆ ಬಾರಿಸು. ಆಗ ಯಾರೂ ಹಿಂದೆ ಬೀಳುವುದಿಲ್ಲ. ಕೇಳಿದವರಿಗೆಲ್ಲ ಇದು ಸರಿ ಎನಿಸಿತು. ನನಗೂ ಎನಿಸಿತು. ಮಾಸ್ತರ ಕೂಡ ಗಡ್ಡ ತುರಿಸಿಕೊಂಡು ಒಪ್ಪಿದ. ಗಂಟೆ ಮುಂದೆ ಓಡಿದಷ್ಟೂ ಊಟ ಹತ್ತಿರ.

ಮರುದಿನ ಬೆಳಿಗ್ಗೆ ನಾನು ಓಟಕ್ಕೆ ಹೋಗಲಿಲ್ಲ. ಬೇವಿನಕಟ್ಟೆಯ ಮುಂದೆ ನಿಂತು, "ಹೊಳೆವ್ವನ ಮನಿ ತಿರಕನ ಮನಿ" ಎಂದೆ. ಅತ್ತ ಹುಣಸೆಯ ಮುಂದೆ ಅಡಿವೆಪ್ಪ ನಿಂತ. ನಡುವೆ ಉಳಿದ ಓಟದವರು ಓಡಿದರು. ಅವನ ಮಾತು ನಮ್ಮದಕ್ಕಿಂತ ಮುಂದಿನ ಗಂಟೆ ಹೊತ್ತು ಬಂತು. ಬಾಳವ್ವ ನೆರಳು ನೋಡುವುದನ್ನು ಬಿಟ್ಟು ಅದನ್ನು ದಾಟಿ ಗಂಟೆ ಬಾರಿಸಿದಳು. ನಾನು ಮತ್ತೆ ಹೇಳಿದೆ. ಅದು ಹುಣಸೆಗೆ ಹೋಯಿತು, ಮಾಸ್ತರ ಅದನ್ನು ದಾಟಿ ಬಾರಿಸಿದ, ಅಡಿವೆಪ್ಪ ಮತ್ತೆ ಹೇಳಿದ. ಆಲ, ಬನ್ನಿಯವರು ಎರಡೂ ಕಡೆಯ ಸುದ್ದಿ ಕೇಳಿ ತಾವು ಹಿಂದೆ ಬೀಳಬಾರದೆಂದು ಇಬ್ಬರನ್ನೂ ದಾಟಿ ಬಾರಿಸಿದರು. ನಾಲ್ಕು ಗಂಟೆಗಳು ಬೆನ್ನಟ್ಟಿದ ನಾಯಿಗಳಂತೆ ಒಂದರ ಹಿಂದೊಂದು ಓಡತೊಡಗಿದವು. ದನಕ್ಕೆ ಹುಲ್ಲು ಹಾಕುವ ಹೊತ್ತಿಗೆ ಮಧ್ಯಾಹ್ನವಾಯಿತು. ಸಾಲೆಯ ಮಕ್ಕಳು ಪಾಟೀಚೀಲ ಇಳಿಸುವ ಮೊದಲೇ ಸಾಲೆ ಬಿಟ್ಟಿತು, ಅವು ಕೇಕೆ ಹಾಕುತ್ತ ಹಳ್ಳಕ್ಕೆ ಓಡಿದವು. ಹೊಲಕ್ಕೆ ಹೊರಟವರು ಅರ್ಧ ದಾರಿಯಲ್ಲಿ ನಿಂತು, ಹೋಗುವುದೋ ಬರುವುದೋ ತಿಳಿಯದೆ ಬೀಡಿ ಹಚ್ಚಿದರು. ಖಾನಾವಳಿಯಲ್ಲಿ ಹೊಸ ಕೂಲಿಯವಳು ಮೊದಲನೇ ರೊಟ್ಟಿ ತಟ್ಟುವಷ್ಟರಲ್ಲಿ ಊಟದ ಹೊತ್ತು ದಾಟಿ ಹೋಗಿತ್ತು. ಮಾಸ್ತರ ಹಗ್ಗ ಜಗ್ಗುತ್ತಲೇ ತನ್ನ ಮಧ್ಯಾಹ್ನ ಕಣ್ಣ ಮುಂದೆಯೇ ಕಳೆದು ಹೋಗುವುದನ್ನು ನೋಡಿದ. ಆದರೆ ಕೈ ಬಿಡುವ ಹಾಗಿಲ್ಲ, ಬಿಟ್ಟರೆ ಬೇವು ಗೆಲ್ಲುತ್ತದೆ. ಸೂರ್ಯ ಇನ್ನೂ ಬೇವಿನ ನೆತ್ತಿಗೆ ಬಂದಿರಲಿಲ್ಲ, ನಾಲ್ಕೂ ಕಟ್ಟೆಯಲ್ಲಿ ದೀಪದ ಗಂಟೆ ಬಡಿಯಿತು.

ದೀಪದ ಗಂಟೆಯ ಆಚೆ ಗಂಟೆ ಇಲ್ಲ. ನನ್ನ ಕಡೇ ಮಾತು ದೀಪದ ಗಂಟೆಯದು. ಅಡಿವೆಪ್ಪನ ಕಡೇ ಮಾತೂ ದೀಪದ ಗಂಟೆಯದೇ. ಸಮ.

ಸಮವಾದರೆ ಏನು ಮಾಡಬೇಕೆಂದು ನಾಲ್ಕು ಕಟ್ಟೆ ಕಟ್ಟಿದ ಹಿರಿಯರು ಯಾರೂ ಹೇಳಿ ಹೋಗಿರಲಿಲ್ಲ. ಇಡೀ ಊರು ಬೆಳಗಿನ ಬಿಸಿಲಲ್ಲಿ ಕಟ್ಟೆಗಳ ಮುಂದೆ ಸಾಲು ಹಚ್ಚಿ ನಿಂತಿತು. ಕಾಲು ತಂದು ನಿಲ್ಲಿಸಿದ್ದವು, ಏನು ಮಾಡಲಾದೀತು? ಬೇವಿನಕಟ್ಟೆಗೆ ಅಕ್ಕ ಬಂದಳು. "ನನ್ನ ಮನಿ ಎಲ್ಲೈತಿ?" ಎಂದು ಕೇಳಿದಳು. ಬಾಳವ್ವ ಸುಳ್ಳು ಹೇಳುವವಳಲ್ಲ. ಬಾಯಲ್ಲಿ ಎರಡು ಮಾತಿದ್ದವು, ಎರಡನ್ನೂ ಹೇಳಿದಳು. "ಹೊಳೆವ್ವನ ಮನಿ ತಿರಕನ ಮನಿ. ಹೊಳೆವ್ವನ ಮನಿ ಅಡಿವೆಪ್ಪನ ಖಾನಾವಳಿ."

ಅಕ್ಕನ ಎಡಗಾಲು ನಮ್ಮ ಓಣಿಯ ಕಡೆ ಜಗ್ಗಿತು. ಬಲಗಾಲು ಹುಣಸೆಯ ಕಡೆ. ಅವಳು ಕಡಗೋಲಿನಂತೆ ಅತ್ತ ಅರ್ಧ ಇತ್ತ ಅರ್ಧ ತಿರುಗಿದಳು. ಮಂದಿ ನಕ್ಕರು. ನಾನು ಒಬ್ಬನ ಕೊರಳಪಟ್ಟಿ ಹಿಡಿದೆ. ಅಷ್ಟರಲ್ಲಿ ಅವಳು ನಿಂತಳು. ಎರಡು ಎತ್ತು ಎರಡು ದಿಕ್ಕಿಗೆ ಜಗ್ಗಿದರೆ ಬಂಡಿ ನಿಂತಲ್ಲೇ ನಿಲ್ಲುತ್ತದೆ. ನಿಂತ ಬಂಡಿಯಿಂದ ಇಳಿದು ನಡೆಯಬಹುದು ಎನ್ನುವುದು ಆ ತನಕ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಕ್ಕ ಒಂದು ಹೆಜ್ಜೆ ಇಟ್ಟು ನೋಡಿದಳು, ನೀರಿನ ಆಳ ನೋಡುವವರ ಹಾಗೆ. ಇನ್ನೊಂದು ಇಟ್ಟಳು. ನಮ್ಮ ಓಣಿಯನ್ನೂ ಬಿಟ್ಟು, ಹುಣಸೆಯನ್ನೂ ಬಿಟ್ಟು, ಸಂತೆಯ ಬಯಲಿನ ಕಡೆ ಹತ್ತು ಮಾರು ಹೋಗಿ ತಿರುಗಿ ನೋಡಿದಳು. ದೀಪದ ಗಂಟೆ ಬಡಿದ ಮೇಲೆ ತನಗೆ ಬೇಕಾದ ಕಡೆ ನಡೆದ ಮನುಷ್ಯರನ್ನು ನಾವು ನೋಡಿದ್ದು ಅದೇ ಮೊದಲು. ನಗುತ್ತಿದ್ದವರು ತಮ್ಮ ತಮ್ಮ ಕಾಲು ನೋಡಿಕೊಂಡರು. "ಬಾಳವ್ವಾ," ಎಂದು ಕೂಗಿದಳು ಅಕ್ಕ, "ಎಲಿಗೆ ಸುಣ್ಣ ಬೇಕಾದ್ರ ಹೇಳಿ ಕಳಸು." ಸೆರಗು ಬಿಗಿದುಕೊಂಡು ಬಯಲಿನ ಆಚೆ ಮರೆಯಾದಳು.

ಹಳ್ಳದ ಆಚೆ ಬಿಟ್ಟುಹೋದ ಸುಣ್ಣದ ಗೂಡು ಒಂದಿದೆ, ಪಕ್ಕಕ್ಕೊಂದು ಮಾಳಿಗೆ. ಯಾವ ಕಟ್ಟೆಯ ಬಾಯಲ್ಲೂ ಅದು ಯಾರ ಮನೆಯೂ ಅಲ್ಲ, ಹಾಗಾಗಿ ಕೇಳದೆಯೇ ಹೋಗಬಹುದು, ಹೊಲಕ್ಕೆ ಹೋದ ಹಾಗೆ. ಅಲ್ಲಿದ್ದಾಳೆ ಎಂದು ನನಗೆ ಗೊತ್ತು, ಬಾಳವ್ವನಿಗೆ ಗೊತ್ತು. ದೀಪದ ಗಂಟೆ ಬಡಿದರೂ ಎರಡು ಮಾತು ಎರಡು ಕಡೆ ಜಗ್ಗುವುದರಿಂದ ಅವಳ ಕಾಲು ಅಲ್ಲೇ ನಿಲ್ಲುತ್ತವೆ. ಅಕ್ಕ ಗೂಡು ಹೊತ್ತಿಸಿ ಸುಣ್ಣ ಸುಡುತ್ತಾಳೆ, ಬಿಸಿ ಗಡಿಗೆ ಇಳಿಸಲು ನನ್ನ ಕೆಂಪು ರುಮಾಲು. ನಾನು ಹಗಲಲ್ಲಿ ಹೋದರೆ ಗಂಜಿಯ ಸುದ್ದಿ ತೆಗೆದು ಬೈಯುತ್ತಾಳೆ.

ಅಡಿವೆಪ್ಪ ಹುಡುಕಿದ. ನಮ್ಮೂರಿನವನು ಹುಡುಕುವುದು ಹೇಗೆ? ಕಟ್ಟೆಯ ಮುಂದೆ ನಿಂತು, "ಹೊಳೆವ್ವನ ಮನಿ ಎಲ್ಲೈತಿ?" ಎಂದು ಕೇಳಿದ. ಎರಡು ಮಾತು ಕಿವಿಗೆ ಬಿದ್ದವು. ಅವನ ಕಾಲು ಅವನನ್ನು ನಮ್ಮ ಬಾಗಿಲಿಗೆ ಒಯ್ದವು, ಅಲ್ಲಿಂದ ಅವನದೇ ಖಾನಾವಳಿಗೆ, ಅಲ್ಲಿಂದ ಮತ್ತೆ ನಮ್ಮ ಬಾಗಿಲಿಗೆ. ಅಕ್ಕ ನಿಂತಲ್ಲಿ ನಿಂತು ಎಳೆತವನ್ನು ಸಮ ಮಾಡಿಕೊಂಡಳು, ಇವನಿಗೆ ನಿಲ್ಲಲು ಬರಲಿಲ್ಲ. ಹೊಟ್ಟೆ ಕುಣಿಸುತ್ತ ಇಡೀ ದಿನ ಸುತ್ತಿದ. ನಾನು ಕಟ್ಟೆಯ ಮೇಲೆ ಕೂತು ಕಡಲೆ ತಿನ್ನುತ್ತ ನೋಡಿದೆ. ನಾಲ್ಕನೇ ಸುತ್ತಿಗೆ, "ಅಳಿಯಾ, ನೀರು ಕುಡದು ಹೋಗಪಾ," ಎಂದು ಬಾಳವ್ವ ತಂಬಿಗೆ ಹಿಡಿದಳು. ನೀರು ಬಾಯಿಗೆ ಹತ್ತುವ ಮೊದಲೇ ಅವನ ಕಾಲು ಮುಂದೆ ಹೋಗಿದ್ದವು.

ಕಟ್ಟೆಯವರು ಮತ್ತೆ ಕೂಡಿದರು. ಗಂಟೆ ದಾಟಿಸುವ ಉಪಾಯವನ್ನು ಕೈಬಿಟ್ಟರು. ಇನ್ನೊಂದು ದಿನ ಹಾಗೆ ಓಡಿದರೆ ಊರಿಗೆ ಮುಪ್ಪು ಬರುತ್ತದೆ ಎಂದ ಬನ್ನಿಯವನು. ಹೊಳೆವ್ವನ ಮಾತು ಗಂಟುಬಿದ್ದ ಮಾತು, ಅದನ್ನು ಯಾರೂ ಒಬ್ಬರೇ ಬಂದು ಮುಟ್ಟುವಂತಿಲ್ಲ. ಗಂಡನೂ ತಮ್ಮನೂ ಒಂದೇ ಕಟ್ಟೆಯ ಮುಂದೆ, ಒಂದೇ ಗಂಟೆಯ ಕೆಳಗೆ ಬಾಯಿ ಬಿಡಬೇಕು. ಆಗ ಕಡೆಗೆ ಬಂದ ಮಾತು ನಿಲ್ಲುತ್ತದೆ. ಅಲ್ಲಿಯ ತನಕ ಎರಡೂ ಇರಲಿ. ಈ ಕಟ್ಟಳೆ ಹೇಳಿದವಳು ಬಾಳವ್ವ. ಹೇಳುವಾಗ ಎಲೆಗೆ ಸುಣ್ಣ ಹಚ್ಚುತ್ತಿದ್ದಳು, ಹೊಸ ಸುಣ್ಣ, ಬೆಳ್ಳಗೆ.

ಅಂದರೆ ಗಂಟು ಬಿಚ್ಚಬೇಕಾದರೆ ನನ್ನ ಬಾಯಿ ಬೇಕು. ಇದು ನನಗಿಂತ ಮೊದಲು ಮಾಸ್ತರನಿಗೆ ಅರ್ಥವಾಯಿತು.

ಮೊನ್ನೆ ನಾನು ಆಲದ ಸುದ್ದಿ ಹೊತ್ತು ಹುಣಸೆಕಟ್ಟೆಗೆ ಹೋದೆ. ಯಾರದೋ ಮಗು ಹುಟ್ಟಿದ ಸುದ್ದಿ. ಒಪ್ಪಿಸಿ ತಿರುಗಿದರೆ ಹಿಂದೆ ಅಡಿವೆಪ್ಪ ನಿಂತಿದ್ದ, ಅವನ ಹಿಂದೆ ಖಾನಾವಳಿಯಲ್ಲಿ ಉಂಡು ಎದ್ದ ಮಂದಿ. ಮಾಸ್ತರನ ಕೈ ಗಂಟೆಯ ಹಗ್ಗದ ಮೇಲಿತ್ತು. ಕೂಲಿಯವಳ ರೊಟ್ಟಿ ತಿಂದು ತಿಂದು ಅವನ ಕೆನ್ನೆ ಒಳಗೆ ಹೋಗಿದ್ದವು.

"ಹೊಳೆವ್ವನ ಮನಿ ನನ್ನ ಮನಿ," ಎಂದ ಅಡಿವೆಪ್ಪ, ಕೈ ಒರೆಸಿಕೊಳ್ಳುತ್ತ. "ನಾ ಹೇಳೇನಿ. ಇನ್ನ ಇವ ಹೇಳಲಿ."

"ಹೇಳಲೇ ತಿರಕ್ಯಾ," ಎಂದ ಮಾಸ್ತರ. "ನಿಮ್ಮಕ್ಕನ ಮನಿ ಎಲ್ಲೈತಿ? ನಿಮ್ಮನ್ಯಾಗ ಅಂದ್ರ ನಿಮ್ಮನ್ಯಾಗ ಅನ್ನು, ಇವನ ಮನ್ಯಾಗ ಅಂದ್ರ ಇವನ ಮನ್ಯಾಗ ಅನ್ನು. ನ್ಯಾಯಾ ಮಾಡೋಣು."

ನಮ್ಮ ಮನೆ ಎಂದರೆ ಅಡಿವೆಪ್ಪ ಆ ಗಳಿಗೆಗೆ ಇನ್ನೊಮ್ಮೆ ತನ್ನ ಮನೆ ಎನ್ನುತ್ತಾನೆ, ಗಂಟೆ ಬಡಿಯುತ್ತದೆ. ಗೊತ್ತಿಲ್ಲ ಎಂದರೆ ಅದನ್ನೂ ಮಾತು ಮಾಡುತ್ತಾರೆ. ನಿಮ್ಮಪ್ಪನ ತಲೆ ಎಂದರೆ ಅದನ್ನೂ. ನಾನು ಏನೇ ಅಂದರೂ ಒಂದು ಎತ್ತಿನ ಹಗ್ಗ ಬಿಚ್ಚಿದ ಹಾಗೆ, ಸಂಜೆ ಹೊತ್ತಿಗೆ ಹಳ್ಳದ ಆಚೆ ಅವಳ ಪಾದ ತಿರುಗುತ್ತವೆ.

ನಾನು ಬಾಯಿ ಬಿಡದ್ದು ನೋಡಿ ಮಾಸ್ತರ ತನ್ನ ಬೈಗಳ ಬುಟ್ಟಿಯ ತಳಕ್ಕೇ ಕೈ ಹಾಕಿದ. "ನೋಡ್ರೆಪ್ಪಾ, ಐದನೇತ್ತೆ ದಾಟದ ಮಂಗ್ಯಾಗ ಅಕ್ಕನ ಮನಿ ಎಲ್ಲೈತಿ ಅಂತ್ಲೂ ಗೊತ್ತಿಲ್ಲ! ನಾ ಅವತ್ತ ಇವನ್ನ ಸಾಲಿ ಬಿಡಿಸಿ ಓಡಿಸಿದಾಗ ಅವರವ್ವ ನನ್ನ ಕಾಲಿಗೆ ಬಿದ್ದಿದ್ಲು, ಇವಗ ಎರಡಕ್ಷರ ಕಲಸ್ರೀ ಅಂತ. ನಾ ಅಂದೆ, ತಾಯಿ, ಇದು ಓಡಾಕ ಹುಟ್ಟೈತಿ. ಅದೂ ಬರಲಿಲ್ಲ ನೋಡ್ರಿ. ಊರಾಗಿನ ದೊಡ್ಡ ಓಟಗಾರ ಅಂತ ರುಮಾಲ ಸುತ್ತಿದ್ವಿ, ನನ್ನ ಹಸಿವಿನ ಮ್ಯಾಲ ಓಡಾಕತ್ತಿದ್ದ!"

ಮಂದಿ ನಕ್ಕರು. ಹಿಂದಿನ ಸಲಕ್ಕಿಂತ ಜೋರಾಗಿ. ಯಾವನೋ ಮಂಗನ ಹಾಗೆ ಗುರ್ರೆಂದ. ಅವ್ವನ ಹೆಸರು ಕೇಳಿ ನನ್ನ ಕಿವಿ ಬಿಸಿಯಾದವು. ಬಾಯಿ ತುಂಬ ಮಾತು ಬಂದು ಹಲ್ಲಿಗೆ ತಾಗಿ ನಿಂತವು. ಅಂಥ ಚಲೋ ಚಲೋ ಬೈಗಳು, ಒಂದಕ್ಕಿಂತ ಒಂದು, ಈಗ ನೆನೆದರೂ ಹೊಟ್ಟೆ ಉರಿಯುತ್ತದೆ. ಮಾಸ್ತರ ಹಗ್ಗವನ್ನು ಅರ್ಧ ಜಗ್ಗಿ ಹಿಡಿದು, ನನ್ನ ತುಟಿ ನೋಡುತ್ತಿದ್ದ. ಅಡಿವೆಪ್ಪ ಕೈ ಒರೆಸಿಕೊಳ್ಳುವುದನ್ನೂ ಬಿಟ್ಟಿದ್ದ.

"ಬಾಯಿ ಬಿದ್ದು ಹೋತೇನಲೇ?" ಎಂದ ಮಾಸ್ತರ. "ಹೊಳೆವ್ವನ ಮನಿ ಎಲ್ಲೈತಿ?"

ನಾನು ಮೈಮೇಲಿನ ಧೂಳು ಕೊಡವಿಕೊಂಡೆ. ಹಳ್ಳ ಇದ್ದದ್ದು ಎಡಕ್ಕೆ. ಅತ್ತ ಕಣ್ಣನ್ನೂ ಹೊರಳಿಸದೆ ಬಲಕ್ಕೆ ತಿರುಗಿ ನಡೆದೆ. ಓಡಲಿಲ್ಲ. ಖಾನಾವಳಿಯನ್ನು ದಾಟಿದೆ, ಗಾಣದ ಓಣಿಯನ್ನು ದಾಟಿದೆ. ಹಿಂದಿನಿಂದ ಮಾಸ್ತರ ನನ್ನ ಹೆಸರು ಹಿಡಿದು ಕೂಗುತ್ತಲೇ ಇದ್ದ. ನಾನು ನಡೆಯುತ್ತಲೇ ಇದ್ದೆ.